ಒಂದು ಫಕಾರದ ತಕರಾರು

ಕಾಗುಣಿತ ತಿದ್ದುವುದೇ ಕಸುಬಾದವನಿಗೆ ಲೋಕವೆಲ್ಲ ಒಂದು ದೊಡ್ಡ ಕರಡಚ್ಚಿನಂತೆ ಕಾಣುತ್ತದೆ. ಅಂಗಡಿಯ ಹಲಗೆ, ಬಸ್ಸಿನ ನೆತ್ತಿಯ ಬರಹ, ಮದುವೆಯ ಕರೆಯೋಲೆ, ಕೊನೆಗೆ ವೈಕುಂಠ ಸಮಾರಾಧನೆಯ ಕಾಗದ—ಯಾವುದನ್ನೂ ಅವನು ಸುಮ್ಮನೆ ಓದಲಾರ. ಕೈ ತಾನಾಗಿ ಜೇಬಿನ ಪೆನ್ಸಿಲನ್ನು ತಡಕುತ್ತದೆ. ನಾನು ಬೆಂಗಳೂರಿನ ಅಚ್ಚುಕೂಟಗಳಲ್ಲಿಯೂ ಆಮೇಲೆ ಒಂದು ಪತ್ರಿಕೆಯ ಕಚೇರಿಯಲ್ಲಿಯೂ ಒಟ್ಟು 38 ವರ್ಷ ಕರಡು ತಿದ್ದಿದವನು. ಹೋಟೆಲಿನ ತಿಂಡಿಪಟ್ಟಿಯಲ್ಲಿ ‘ಉದ್ಧಿನ ವಡೆ’ ಎಂದಿದ್ದರೆ, ಆ ಧಕಾರವನ್ನು ಮನಸ್ಸಿನಲ್ಲಿಯೇ ಹೊಡೆದುಹಾಕಿದ ಮೇಲಲ್ಲದೆ ವಡೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಈ ಚಾಳಿಯಿಂದ ನನ್ನ ಮನೆಯವರು ಪಟ್ಟ ಪಾಡನ್ನು ಇಲ್ಲಿ ಹೇಳುವುದು ಬೇಡ.

ಇಷ್ಟು ತಿದ್ದಿದ ಕೈಯಿಂದ ಆದ ಒಂದು ತಿದ್ದುಪಡಿ ಮಾತ್ರ ಐವತ್ತು ವರ್ಷಗಳಿಂದ ನನ್ನನ್ನು ಕೆಣಕುತ್ತಲೇ ಇದೆ. ಅದು ಒಂದೇ ಒಂದು ಅಕ್ಷರದ ಮಾತು.

1971ನೆಯ ಇಸವಿ. ನಾನು ಆಗ ತಾನೆ ಕೆಲಸಕ್ಕೆ ಸೇರಿದ್ದೆ, ಖಾಯಮ್ಮಾಗಿರಲಿಲ್ಲ. ಒಂದು ದಿನ ಕಾಫಿಪುಡಿಯ ಅಂಗಡಿಯ ಶೆಟ್ಟರೊಬ್ಬರು ಪೊಟ್ಟಣದ ಮೇಲೆ ಅಂಟಿಸುವ ಚೀಟಿಗೆಂದು ಒಂದು ಹಾಳೆ ಬರೆದುಕೊಟ್ಟು ಹೋದರು. ಐದು ಸಾವಿರ ಚೀಟಿ. ಅವರು ಬರೆದದ್ದು ‘ಶುದ್ಧ ಕಾಪಿ ಪುಡಿ’ ಎಂದು. ಮೊಳೆ ಜೋಡಿಸಿದವರು ನಮ್ಮಲ್ಲಿ ಎಲ್ಲರಿಗೂ ಹಿರಿಯರು. ಅಚ್ಚುಕೂಟದ ಮಂದಿಯೆಲ್ಲ ಅವರನ್ನು ದೊಡ್ಡಣ್ಣ ಎಂದೇ ಕರೆಯುತ್ತಿದ್ದರು. ಅವರು ಕೊಟ್ಟದ್ದನ್ನು ಕೊಟ್ಟಂತೆ ಜೋಡಿಸಿ ಕರಡು ತೆಗೆದು ನನ್ನ ಮೇಜಿಗೆ ಕಳುಹಿಸಿದರು. ನಾನು ‘ಪಿ’ಯನ್ನು ಹೊಡೆದು ಅಂಚಿನಲ್ಲಿ ‘ಫಿ’ ಎಂದು ದಪ್ಪಗೆ ಬರೆದೆ.

ದೊಡ್ಡಣ್ಣ ಕರಡನ್ನು ಹಿಡಿದು ಬಂದು, “ಇದು ಬೇಕೇನಪ್ಪಾ? ಅವರು ಬರೆದುಕೊಟ್ಟದ್ದೇ ಹಾಗೆ” ಎಂದರು. ನಾನು ಪಾಂಡಿತ್ಯದಿಂದ ವಾದಿಸಿದೆ. ‘ಕಾಪಿ’ ಎಂದರೆ ಏನು? ಅಚ್ಚುಕೂಟದಲ್ಲಿ ಕಾಪಿ ಎಂದರೆ ಜೋಡಿಸಲು ಕೊಡುವ ಹಸ್ತಪ್ರತಿ. ಪರೀಕ್ಷೆಯ ಕೊಠಡಿಯಲ್ಲಿ ಕಾಪಿ ಎಂದರೆ ಪಕ್ಕದವನದನ್ನು ಕದ್ದು ನೋಡಿ ಬರೆಯುವುದು. ಶುದ್ಧ ಕಾಪಿ ಪುಡಿ ಎಂದು ಅಚ್ಚು ಹಾಕಿದರೆ ಶುದ್ಧ ನಕಲಿ ಪುಡಿ ಎಂದಾಗುವುದಿಲ್ಲವೆ? ದೊಡ್ಡಣ್ಣ ನಕ್ಕು, “ಓದಿದವರು ನೀವು” ಎಂದು ಹೇಳಿ ಮೊಳೆ ಬದಲಾಯಿಸಿದರು.

ಮೂರನೆಯ ದಿನ ಶೆಟ್ಟರು ಚೀಟಿಗಳ ಕಟ್ಟನ್ನು ತಂದು ಮಾಲಿಕರ ಮೇಜಿನ ಮೇಲೆ ಕುಕ್ಕಿದರು. “ಈ ಕೆಳಗಿನ ಗೀರು ಯಾರ್ರೀ ಎಳೆದದ್ದು? ನಮ್ಮಪ್ಪ ಕಾಪಿ ಪುಡಿ ಮಾರಿದರು. ನಾನೂ ಕಾಪಿ ಪುಡಿ ಮಾರ್ತೀನಿ. ಬರೋ ಗಿರಾಕಿ ಎಲ್ಲ ಕಾಪಿ ಪುಡಿ ಅಂತಲೇ ಕೇಳ್ತಾರೆ. ಪುಡಿ ನನ್ನದು, ಹೆಸರೂ ನನ್ನದು. ನಿಮ್ಮ ಪಂಡಿತರಿಗೇನು ಇದರಲ್ಲಿ ಕೆಲಸ?” ಮಾಲಿಕರು ಒಳಗೆ ತಿರುಗಿ, ಯಾರು ಮಾಡಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಣ್ಣ, “ಕೈತಪ್ಪಾಯಿತು ಸ್ವಾಮಿ. ‘ಪಿ’ಯ ಮನೆಗೆ ಹೋಗಬೇಕಾದ ಕೈ ‘ಫಿ’ಯ ಮನೆಗೆ ಹೋಯಿತು” ಎಂದುಬಿಟ್ಟರು. ಚೀಟಿಗಳನ್ನು ಮತ್ತೆ ಅಚ್ಚು ಹಾಕಿದರು. ಕಾಗದದ ಖರ್ಚನ್ನು ನಾಲ್ಕು ತಿಂಗಳು ದೊಡ್ಡಣ್ಣನ ಸಂಬಳದಲ್ಲಿ ಮುರಿದುಕೊಂಡರು. ನಾನು ಸುಮ್ಮನಿದ್ದೆ. “ನಿನ್ನ ಕೆಲಸ ಇನ್ನೂ ಗಟ್ಟಿಯಾಗಿಲ್ಲ, ಬಾಯಿ ಮುಚ್ಚಿಕೊಂಡಿರು” ಎಂದು ಅವರೇ ಗದರಿಸಿದ್ದುಂಟು. ಆದರೆ ಅವರು ಗದರಿಸಿದ್ದರಿಂದ ನಾನು ಸುಮ್ಮನಾದೆನೆಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು.

ಅಂದಿನಿಂದ, ಪರರ ಮಾತಿಗೆ ನಮ್ಮ ಅಕ್ಷರ ತೊಡಿಸುವಾಗ ಸರಿ ಯಾವುದು, ತಪ್ಪು ಯಾವುದು, ಅದನ್ನು ತೀರ್ಮಾನಿಸುವವರು ಯಾರು ಎಂದು ಕಂಡ ಕಂಡ ಪುಸ್ತಕಗಳಲ್ಲಿ ಹುಡುಕುವುದು ನನ್ನ ಹವ್ಯಾಸವಾಯಿತು. ಮೊದಮೊದಲು ನಾನು ಹುಡುಕಿದ್ದು ನನ್ನ ಪಕ್ಷಕ್ಕೆ ಸಾಕ್ಷಿಗಳನ್ನು. ಸಿಕ್ಕಿದ ಸಾಕ್ಷಿಗಳೆಲ್ಲ ಶೆಟ್ಟರ ಕಡೆಗೇ ಹೋಗಿ ನಿಂತವು.

ಮೊದಲನೆಯ ಸಾಕ್ಷಿ ಕೇಶಿರಾಜ. 13ನೆಯ ಶತಮಾನದ ಈ ವೈಯಾಕರಣನಿಗಿಂತ ಕಟ್ಟುನಿಟ್ಟಿನವರು ಕನ್ನಡದಲ್ಲಿ ಯಾರಿದ್ದಾರೆ ಎಂದುಕೊಂಡು ‘ಶಬ್ದಮಣಿದರ್ಪಣ’ವನ್ನು ತೆರೆದೆ. ಅದರಲ್ಲಿ ಅಪಭ್ರಂಶ ಪ್ರಕರಣವೆಂದು ಒಂದು ಭಾಗವೇ ಇದೆ. ಅಪಭ್ರಂಶವೆಂದರೆ ಜಾರಿ ಕೆಳಗೆ ಬಿದ್ದದ್ದು. ಹಾಗೆ ಬಿದ್ದ ಮಾತುಗಳನ್ನು ಆತ ಹೊರಗೆ ಹಾಕಲಿಲ್ಲ. ಯಾವ ಅಕ್ಷರ ಜಾರಿದರೆ ಎಲ್ಲಿ ಬಂದು ನಿಲ್ಲುತ್ತದೆಂದು ಸೂತ್ರ ಕಟ್ಟಿ, ಅವುಗಳನ್ನು ಮನೆಯೊಳಗೆ ಕೂಡಿಸಿ ಮಣೆ ಹಾಕಿದ. ಸಂಸ್ಕೃತದ ಕಾವ್ಯ ನಮ್ಮಲ್ಲಿ ಕಬ್ಬವಾಯಿತು, ವಿದ್ಯೆ ಬಿಜ್ಜೆಯಾಯಿತು, ಆಕಾಶ ಆಗಸವಾಯಿತು, ಘಂಟೆ ಗಂಟೆಯಾಯಿತು. ಮಹಾಪ್ರಾಣವನ್ನು ಕನ್ನಡದ ನಾಲಗೆ ಎಂದೂ ಮನಸಾರೆ ಒಪ್ಪಿದ್ದಿಲ್ಲ. ಫಕಾರದ ಗತಿಯಂತೂ ಕೇಳುವುದೇ ಬೇಡ. ಸಂಸ್ಕೃತದ ಫಲಕ ಕನ್ನಡಕ್ಕೆ ಬಂದು ಪಲಗೆಯಾಗಿ, ಪಕಾರ ಹಕಾರವಾದ ಕಾಲದಲ್ಲಿ ಹಲಗೆಯಾಯಿತು. ಇಂದು ಅಂಗಡಿಯ ಮೇಲೆ ತೂಗುವುದನ್ನು ಸರಕಾರದ ಸುತ್ತೋಲೆಯಲ್ಲಿ ನಾಮಫಲಕ ಎನ್ನುತ್ತೇವೆ, ಮನೆಯಲ್ಲಿ ಹಲಗೆ ಎನ್ನುತ್ತೇವೆ. ಎರಡೂ ಒಂದೇ ಮಾತು; ಒಂದು ಸಭೆಯ ಉಡುಪಿನಲ್ಲಿದೆ, ಇನ್ನೊಂದು ಮನೆಯ ಪಂಚೆಯಲ್ಲಿದೆ. ಹಲಗೆ ಎಂದವನ ಸಂಬಳವನ್ನು ಯಾರೂ ಮುರಿದುಕೊಳ್ಳುವುದಿಲ್ಲ.

ಹಾಗಾದರೆ ಕಾಫಿಯ ತದ್ಭವ ಕಾಪಿ ಎಂದು ಏಕೆ ಹೇಳಬಾರದು? ಇನ್ನೂ ಒಂದು ವಿನೋದವನ್ನು ಓದುಗರು ಗಮನಿಸಬೇಕು. ನಾವು ಫಕಾರ ಎಂದು ಬರೆಯುವ ಅಕ್ಷರ ಇಂಗ್ಲಿಷಿನ ಆ ಧ್ವನಿಯದೇ ಅಲ್ಲ. ತುಟಿ ಎರಡೂ ಕೂಡಿ ಉಸಿರು ಚಿಮ್ಮುವ ಮಹಾಪ್ರಾಣ ಅದು. ಹಲ್ಲು ತುಟಿಯನ್ನು ತಾಕಿ ಬರುವ ಇಂಗ್ಲಿಷಿನ ಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲದ್ದರಿಂದ ಅದನ್ನು ಕಡ ತಂದೆವು. ನಿಷ್ಠಾವಂತರು ಅದರ ಕೆಳಗೆ ಎರಡು ಚುಕ್ಕೆ ಇಡುತ್ತಾರೆ. ನಮ್ಮ ಅಚ್ಚುಕೂಟದ ಮೊಳೆಯ ಮನೆಗಳಲ್ಲಿ ಆ ಚುಕ್ಕೆಯಿರಲಿಲ್ಲ. ಕಡ ತಂದ ಪಾತ್ರೆ ಈಗ ಮನೆಯ ಪಾತ್ರೆಯನ್ನೇ ಕೆಡಿಸಿದೆ. ಕಾಫಿ, ಫೋನು, ಆಫೀಸು ಎಂದು ಹೇಳಿ ಹೇಳಿ ಅಭ್ಯಾಸವಾದ ನಾಲಗೆ, ದೇವರ ಮುಂದೆ ಫಲ ಸಮರ್ಪಿಸುವಾಗಲೂ ಇಂಗ್ಲಿಷಿನ ಫಕಾರವನ್ನೇ ಊದುತ್ತದೆ. ನಾನು ಶೆಟ್ಟರ ಚೀಟಿಯ ಮೇಲೆ ಬರೆದದ್ದು ಶುದ್ಧ ಕನ್ನಡವೂ ಅಲ್ಲ, ಶುದ್ಧ ಇಂಗ್ಲಿಷೂ ಅಲ್ಲ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕಾಫಿ ಎಂಬ ಮಾತಿನ ಹುಟ್ಟನ್ನು ಹುಡುಕಿದಾಗ ನನಗೆ ಇನ್ನೂ ದೊಡ್ಡ ಪೆಟ್ಟು ಕಾದಿತ್ತು. ಅರಬ್ಬಿಯಲ್ಲಿ ಈ ಪಾನೀಯದ ಹೆಸರು ಕಹ್ವಾ. ತುರ್ಕಿಯವರ ಬಾಯಲ್ಲಿ ಕಹ್ವೆ. ಅಲ್ಲಿಂದ ಯುರೋಪಿಗೆ ದಾಟುವಾಗ ವಕಾರ ಗಡುಸಾಗಿ ಇಟಲಿಯವರಲ್ಲಿ ಕಾಫೆ, ಡಚ್ಚರಲ್ಲಿ ಕೊಫಿ ಆಯಿತು. ಇಂಗ್ಲಿಷರು 17ನೆಯ ಶತಮಾನದಲ್ಲಿ ಅದನ್ನು ಹತ್ತಾರು ಬಗೆಯಾಗಿ ಬರೆದು ನೋಡಿ, ಕೊನೆಗೆ ಈಗಿನ ರೂಪಕ್ಕೆ ಬಂದು ನಿಂತರು. ಮೂಲದಲ್ಲಿ ಫಕಾರವೇ ಇಲ್ಲ! ನಮ್ಮ ಚಂದ್ರದ್ರೋಣ ಪರ್ವತಕ್ಕೆ ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದರೆಂದು ಐತಿಹ್ಯ. ಅವರು ಹೊರಟುಬಂದ ಆ ಸೀಮೆಯಲ್ಲಿ ಅದು ಕಹ್ವಾ. ಯಾವ ಫಕಾರವನ್ನು ಶುದ್ಧಿಯ ಗುರುತೆಂದು ನಾನು ಎತ್ತಿ ಹಿಡಿದೆನೋ ಅದು ಅರಬ್ಬಿಯ ಮಾತನ್ನು ಯುರೋಪಿನ ಬಂದರುಗಳು ತಪ್ಪಾಗಿ ಆಡಿದ್ದರ ಫಲ. ಅವರು ತಪ್ಪಿದರೆ ಶುದ್ಧ, ನಾವು ತಪ್ಪಿದರೆ ಅಪಭ್ರಂಶ! ನೆರೆಯ ತಮಿಳಿನಲ್ಲಿ ಕಾಪ್ಪಿ ಎಂದೇ ಬರೆದು, ಅದನ್ನೇ ಕುಡಿದು, ನಕಲಿಗೂ ಕಾಪ್ಪಿ ಎಂದೇ ಹೇಳಿ, ಯಾವ ಗಲಿಬಿಲಿಯೂ ಇಲ್ಲದೆ ಬಾಳುತ್ತಿದ್ದಾರೆ.

ಶೆಟ್ಟರ ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಪುಡಿ ನನ್ನದು, ಹೆಸರೂ ನನ್ನದು ಎಂದಿದ್ದರಲ್ಲ, ಅದು. ಸರಕಿಗೆ ಹೆಸರಿಟ್ಟವನು ಅದರ ಉಚ್ಚಾರಣೆಗೂ ಒಡೆಯನೆ? ಹಾಗೆಂದು ನಂಬಿ, ತಕರಾರಿಗೆ ಎಡೆಯೇ ಇಲ್ಲದಂತೆ ಹೆಸರು ಕಟ್ಟಲು ಹೊರಟ ಒಬ್ಬ ಮಹಾಶಯನಿದ್ದ. ಅಮೆರಿಕದ ರಾಚೆಸ್ಟರ್ ಪಟ್ಟಣದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ತನ್ನ ಕ್ಯಾಮೆರಾಕ್ಕೆ ಅವನು ಇಟ್ಟ ಹೆಸರಿಗೆ ಯಾವ ಭಾಷೆಯಲ್ಲಿಯೂ ಅರ್ಥವಿಲ್ಲ. ಅವನಿಗೆ ‘ಕೆ’ ಎಂಬ ಅಕ್ಷರದ ಮೇಲೆ ಬಹಳ ಮೋಹ. ಅದು ಗಟ್ಟಿಯಾದ, ಚುರುಕಾದ ಅಕ್ಷರವೆಂದು ಅವನ ಮತ. ಆದ್ದರಿಂದ ಹೆಸರಿನ ಮೊದಲಲ್ಲೂ ಕೊನೆಯಲ್ಲೂ ಅದನ್ನೇ ನಿಲ್ಲಿಸಿದ. ಹೆಸರು ಚಿಕ್ಕದಾಗಿರಬೇಕು, ಬೇರೆ ಯಾವುದನ್ನೂ ಹೋಲಬಾರದು, ಯಾರೂ ಅದನ್ನು ತಪ್ಪಾಗಿ ಉಚ್ಚರಿಸಲು ಸಾಧ್ಯವಾಗಬಾರದು—ಇವು ಅವನು ಹಾಕಿಕೊಂಡ ಕಟ್ಟಳೆಗಳು.

ಪಾಪ, ಈಸ್ಟ್‌ಮನ್ನನಿಗೆ ಕನ್ನಡದ ಕಾಗುಣಿತ ಗೊತ್ತಿರಲಿಲ್ಲ. ಅವನ ಹೆಸರನ್ನು ನಮ್ಮ ಫೋಟೋ ಅಂಗಡಿಗಳವರು ಕೊಡಕ್ ಎಂದು ಬರೆದರು, ಕೊಡಾಕ್ ಎಂದು ಬರೆದರು, ಕೋಡಕ್ ಎಂದು ಬರೆದರು, ಕೋಡ್ಯಾಕ್ ಎಂದೂ ಬರೆದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಇಂಗ್ಲಿಷಿನ ಬರಹ ಸ್ವರದ ಅಳತೆಯನ್ನು ಹೇಳುವುದಿಲ್ಲ. ಅದನ್ನು ಓದುವವನ ಬಾಯಿಗೆ ಬಿಟ್ಟು ಕೈ ತೊಳೆದುಕೊಳ್ಳುತ್ತದೆ. ಕನ್ನಡದ ಅಕ್ಷರ ಹಾಗೆ ಜಾರಿಕೊಳ್ಳುವಂತಿಲ್ಲ. ಒಕಾರವೋ ಓಕಾರವೋ, ಅಕಾರವೋ ಆಕಾರವೋ, ಬರೆಯುವವನು ಆ ಕ್ಷಣವೇ ತೀರ್ಪು ಕೊಡಬೇಕು. ಬೇರೆಯವರಿಗೆ ಕಾಗುಣಿತ ಒಂದು ಜಗಳ, ಉಚ್ಚಾರಣೆ ಇನ್ನೊಂದು ಜಗಳ. ನಮಗೆ ಎರಡೂ ಒಂದೇ ಏಟಿಗೆ ಬರುತ್ತವೆ. ಇದಕ್ಕೆ ಸೇರಿದ್ದೇ ಬ್ಯಾಂಕು, ಬ್ಯಾಟುಗಳಲ್ಲಿ ಬರುವ ಸ್ವರ. ವ್ಯಂಜನದ ಮೇಲಾದರೆ ಒಂದು ಯಕಾರ ಹಚ್ಚಿ ಪಾರಾಗುತ್ತೇವೆ. ಮಾತಿನ ಮೊದಲಿಗೇ ಬಂದರೆ ಏನು ಮಾಡಬೇಕು? ‘ಆ್ಯ’ ಎಂದು ಕೆಲವರು, ‘ಅ್ಯಾ’ ಎಂದು ಕೆಲವರು, ಬರಿಯ ‘ಆ’ ಸಾಕೆಂದು ಕೆಲವರು. ಸ್ವರಕ್ಕೆ ಒತ್ತು ಕೊಡುವುದು ಯಾವ ವ್ಯಾಕರಣದಲ್ಲಿದೆ ಎಂದು ನಮ್ಮ ಕಚೇರಿಯಲ್ಲಿ ಒಂದು ಮಧ್ಯಾಹ್ನವೆಲ್ಲ ವಾದವಾಗಿ, ಆ್ಯಂಬುಲೆನ್ಸಿನ ಸುದ್ದಿ ಒಂದು ಆವೃತ್ತಿಯನ್ನು ತಪ್ಪಿಸಿಕೊಂಡಿತು. ಈ ಬಗೆಯ ಸಂದೇಹಗಳನ್ನು ಹೊತ್ತು ಕನ್ನಡಿಗರು ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣದ ಬಾಗಿಲಲ್ಲಿ ವರ್ಷಗಟ್ಟಲೆ ಸಾಲು ನಿಂತದ್ದು ಎಲ್ಲರಿಗೂ ತಿಳಿದದ್ದೇ. ಅವರು ಎರವಲು ಮಾತುಗಳಿಗೆಂದೇ ಒಂದು ಪದಕೋಶವನ್ನು ಮಾಡಿದರು.

ರಾಚೆಸ್ಟರಿಗೆ ಮರಳೋಣ. ಅದೇ ಊರಿನಲ್ಲಿ ಹ್ಯಾಲಾಯ್ಡ್ ಎಂಬ ಕಾಗದದ ಕಂಪೆನಿಯೊಂದಿತ್ತು. ಚೆಸ್ಟರ್ ಕಾರ್ಲ್‌ಸನ್ ಎಂಬಾತ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯದ ಒಂದು ಕೋಣೆಯಲ್ಲಿ, ಮಸಿಯ ನೀರಿಲ್ಲದೆ ಬರಿಯ ವಿದ್ಯುತ್ತು, ಪುಡಿಗಳಿಂದ ಪ್ರತಿ ತೆಗೆಯುವ ಉಪಾಯವನ್ನು ಸಾಧಿಸಿದ್ದ. ಹ್ಯಾಲಾಯ್ಡ್ ಅದನ್ನು ಕೊಂಡುಕೊಂಡಿತು. ಒಣ ಬರಹ ಎಂಬರ್ಥದಲ್ಲಿ ಗ್ರೀಕಿನ ಎರಡು ಮಾತುಗಳನ್ನು ಕೂಡಿಸಿ ಜೆರಾಗ್ರಫಿ ಎಂಬ ಹೆಸರು 1948ರಲ್ಲಿ ಹೊರಬಂತು. ಅದನ್ನು ಸರಕಿನ ಹೆಸರಾಗಿ ಕತ್ತರಿಸುವಾಗ ನೆರೆಮನೆಯ ಈಸ್ಟ್‌ಮನ್ನನ ಯುಕ್ತಿಯನ್ನೇ ಅನುಸರಿಸಿ, ಮೊದಲ ಅಕ್ಷರವನ್ನೇ ಕೊನೆಗೂ ಅಂಟಿಸಿದರು. 1961ರಲ್ಲಿ ಕಂಪೆನಿಯೇ ತನ್ನ ಹಳೆಯ ಹೆಸರನ್ನು ಬಿಟ್ಟು ಜೆರಾಕ್ಸ್ ಆಯಿತು. ಇದರ ಮೊದಲಿನಲ್ಲಿರುವ ಅಕ್ಷರ ಗ್ರೀಕರ ಬಾಯಲ್ಲಿ ಕ್ಸಕಾರ; ಇಂಗ್ಲಿಷರ ಬಾಯಲ್ಲಿ ನಮ್ಮಲ್ಲಿಲ್ಲದ, ಹಲ್ಲಿನ ಸಂದಿನಿಂದ ಝೇಂಕರಿಸುವ ಜಕಾರ. ಆದ್ದರಿಂದ ನಮ್ಮ ಊರುಗಳ ಹಲಗೆಗಳ ಮೇಲೆ ಅದು ಜೆರಾಕ್ಸ್, ಝೆರಾಕ್ಸ್, ಜೆರಾಕ್ಷ್ ಎಂದು ಬಗೆಬಗೆಯಾಗಿ ಮೆರೆಯುತ್ತದೆ. ಕಂಪೆನಿಯವರಿಗೆ ಈ ವೈವಿಧ್ಯದ ಚಿಂತೆಯಿಲ್ಲ. ತಮ್ಮ ಹೆಸರನ್ನು ಕ್ರಿಯಾಪದ ಮಾಡಿ ಬಳಸಬೇಡಿರೆಂದು ಅವರು ಜಾಹೀರಾತು ಕೊಟ್ಟು ಬೇಡಿಕೊಂಡರು. ಜನ ಆ ಜಾಹೀರಾತನ್ನೂ ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ.

ನೆಸ್ಲೆ ಎಂಬ ಹೆಸರಿನ ಕಥೆ ಚಿಕ್ಕದು. ಹೈನ್ರಿಖ್ ಎಂಬ ಜರ್ಮನ್ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿ ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಮಾತಾಡುವ ವೆವೆ ಊರಿಗೆ ಬಂದು ನೆಲಸಿ, ತನ್ನ ಹೆಸರನ್ನು ಆನ್ರಿ ಎಂದೂ ಮನೆತನದ ಹೆಸರಿನ ಕೊನೆಯ ಸ್ವರವನ್ನು ಫ್ರೆಂಚರ ಹದಕ್ಕೂ ತಿರುಗಿಸಿಕೊಂಡ. ಅವನ ತಾಯ್ನುಡಿಯ ಆಡುಮಾತಿನಲ್ಲಿ ಅದಕ್ಕೆ ಪುಟ್ಟ ಗೂಡು ಎಂದು ಅರ್ಥ. ಡಬ್ಬಿಯ ಮೇಲಿನ ಹಕ್ಕಿಗೂಡಿನ ಚಿತ್ರ ಅದರಿಂದಲೇ ಬಂತು. ಬ್ರಿಟನ್ನಿನ ಹಳೆಯ ತಲೆಮಾರಿನವರು ಕೊನೆಯ ಸ್ವರವನ್ನು ನುಂಗಿ ನೆಸಲ್ಸ್ ಎನ್ನುತ್ತಿದ್ದರು. ಹೆಸರಿನ ಒಡೆಯನೇ ತನ್ನ ಹೆಸರಿನ ಉಚ್ಚಾರಣೆಯನ್ನು ಊರಿಗೆ ತಕ್ಕಂತೆ ಬದಲಾಯಿಸಿಕೊಂಡ ಮೇಲೆ ಗಿರಾಕಿಯನ್ನು ದೂರಿ ಫಲವೇನು?

ಸರಕಿನ ಹೆಸರಿಗಾದರೂ ಒಬ್ಬ ಒಡೆಯನಿದ್ದಾನೆ. ಬೀದಿಯ ಮಾತಿಗೆ ಒಡೆಯನಾರು? ಹೀಗೆ ಕೇಳಿಕೊಳ್ಳುತ್ತಿದ್ದಾಗ ನನಗೆ ಸಿಕ್ಕಿದ್ದು ಇಂದು ಲೋಕದ ಎಲ್ಲ ಭಾಷೆಗಳ ಬಾಯಲ್ಲಿಯೂ ಹೊರಳುವ ಎರಡಕ್ಷರದ ಮಾತು: ಓಕೆ. ಅದರ ಚರಿತ್ರೆಯನ್ನು ಓದಿದ ದಿನ, ಕರಡು ತಿದ್ದುವವರೆಲ್ಲ ಒಮ್ಮೆ ಇದನ್ನು ಓದಿ ತಲೆ ತಗ್ಗಿಸಬೇಕೆಂದು ನನಗೆ ತೋರಿತು.

1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಗಳವರಿಗೆ ಒಂದು ಹುಚ್ಚು ಹಿಡಿಯಿತು. ಸಾಮಾನ್ಯ ಮಾತುಗಳನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಊಹಿಸಿಕೊಂಡು, ಆ ತಪ್ಪು ರೂಪದ ಮೊದಲ ಅಕ್ಷರಗಳನ್ನು ಮಾತ್ರ ಅಚ್ಚು ಹಾಕಿ ನಗುವುದು. ‘ಆಲ್ ರೈಟ್’ ಎಂಬುದನ್ನು ಓದುಬರಹ ಬಾರದವನಂತೆ ಬರೆದು, ಓ-ಡಬ್ಲ್ಯೂ ಎಂದು ಚುಟುಕಾಗಿಸಿದರು. ಅದೇ ಸಾಲಿನಲ್ಲಿ 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ, ಚಾರ್ಲ್ಸ್ ಗಾರ್ಡನ್ ಗ್ರೀನ್ ಸಂಪಾದಕನಾಗಿದ್ದಾಗ, ‘ಓ.ಕೆ.’ ಎಂಬುದು ಕಾಣಿಸಿಕೊಂಡಿತು. ಬಿಡಿಸಿದರೆ ‘ಆಲ್ ಕರೆಕ್ಟ್’, ಎಲ್ಲವೂ ಸರಿ ಎಂದು ಅರ್ಥ. ಆದರೆ ಆ ಎರಡು ಮಾತುಗಳಲ್ಲಿ ಒಂದೂ ‘ಓ’ದಿಂದ ಆಗಲಿ ‘ಕೆ’ಯಿಂದ ಆಗಲಿ ಮೊದಲಾಗುವುದಿಲ್ಲ! ಎಲ್ಲವೂ ಸರಿ ಎಂದು ಹೇಳುವ ಮಾತಿನಲ್ಲಿ ಇದ್ದ ಎರಡು ಅಕ್ಷರಗಳೂ ತಪ್ಪು. ನಗೆಯ ತಿರುಳು ಅದೇ. ಆ ಬರಹ ಗಂಟೆ ಬಾರಿಸುವುದರ ವಿರೋಧಿಗಳೆಂದು ತಮ್ಮನ್ನು ಕರೆದುಕೊಂಡ ಒಂದು ವಿನೋದದ ಸಂಘದ ವಿಚಾರವಾಗಿತ್ತು. ಘಂಟೆಯನ್ನು ಗಂಟೆ ಮಾಡಿದ ನಾವು ಆ ಸಂಘಕ್ಕೆ ಸೇರುತ್ತಿದ್ದೆವೋ ಇಲ್ಲವೋ ಕಾಣೆ.

ಅಂದಿನ ಉಳಿದ ಚುಟುಕುಗಳೆಲ್ಲ ನಾಲ್ಕು ದಿನ ನಗಿಸಿ ಸತ್ತುಹೋದವು. ಇದೊಂದು ಬದುಕಿಕೊಂಡದ್ದಕ್ಕೆ ರಾಜಕೀಯ ಕಾರಣವಾಯಿತು. 1840ರ ಅಧ್ಯಕ್ಷ ಚುನಾವಣೆಯಲ್ಲಿ ಮಾರ್ಟಿನ್ ವಾನ್ ಬ್ಯೂರೆನ್ ಮತ್ತೆ ನಿಂತಿದ್ದ. ಅವನ ಹುಟ್ಟೂರು ನ್ಯೂಯಾರ್ಕ್ ಪ್ರಾಂತದ ಕಿಂಡರ್‌ಹುಕ್. ಓಲ್ಡ್ ಕಿಂಡರ್‌ಹುಕ್ ಎಂಬ ಅಡ್ಡಹೆಸರಿನ ಮೊದಲಕ್ಷರಗಳು ಓ ಮತ್ತು ಕೆ. ಅವನ ಪಕ್ಷದವರು ಓ.ಕೆ. ಕ್ಲಬ್ಬುಗಳನ್ನು ಕಟ್ಟಿ ಬೀದಿಯಲ್ಲಿ ಕೂಗಿದರು. ಎದುರು ಪಕ್ಷದವರು ಬಿಟ್ಟಾರೆಯೆ? ವಾನ್ ಬ್ಯೂರೆನ್ನನ ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ನನಿಗೆ ಕಾಗುಣಿತವೇ ಬರುತ್ತಿರಲಿಲ್ಲ, ಅವನು ಸರಕಾರದ ಕಾಗದಗಳ ಮೇಲೆ ಎಲ್ಲವೂ ಸರಿ ಎಂದು ಬರೆಯಲು ಹೋಗಿ ಈ ತಪ್ಪು ಅಕ್ಷರಗಳನ್ನು ಗೀಚುತ್ತಿದ್ದ ಎಂದು ಕಟ್ಟುಕಥೆ ಹಬ್ಬಿಸಿದರು. ವಾನ್ ಬ್ಯೂರೆನ್ ಸೋತ. ಅವನ ಅಡ್ಡಹೆಸರು ಗೆದ್ದಿತು. ಮುಂದೆ ತಂತಿ ಕಳುಹಿಸುವ ಗುಮಾಸ್ತರು, ಸುದ್ದಿ ಮುಟ್ಟಿತು ಎನ್ನಲು ಈ ಎರಡಕ್ಷರವನ್ನೇ ಬಡಿಯತೊಡಗಿದ ಮೇಲೆ ಅದಕ್ಕೆ ಇನ್ನು ಸಾವಿರಲಿಲ್ಲ.

ನಗೆಯಿಂದ ಹುಟ್ಟಿದ ಮಗುವಿಗೆ ಒಳ್ಳೆಯ ಕುಲ ಗೋತ್ರಗಳನ್ನು ಹುಡುಕಲು ಆಮೇಲೆ ದೊಡ್ಡವರು ಹೊರಟರು. ಗ್ರೀಕಿನಿಂದ ಬಂತೆಂದು ಒಬ್ಬರು, ಸ್ಕಾಟರಿಂದ ಬಂತೆಂದು ಒಬ್ಬರು, ಪಶ್ಚಿಮ ಆಫ್ರಿಕದಿಂದ ಬಂತೆಂದು ಇನ್ನೊಬ್ಬರು. ಅಮೆರಿಕದ ಮೂಲನಿವಾಸಿಗಳಾದ ಚೋಕ್ಟಾ ಜನರ ಮಾತೆಂದು ನಂಬಿದವರಲ್ಲಿ ವುಡ್ರೋ ವಿಲ್ಸನ್ ಒಬ್ಬ. 1913ರಿಂದ 1921ರವರೆಗೆ ಅಧ್ಯಕ್ಷನಾಗಿದ್ದ ಈತ ಅಧ್ಯಾಪಕನಾಗಿದ್ದವನು. ತಪ್ಪನ್ನು ಸಹಿಸುವ ಜಾತಿಯಲ್ಲ. ಕಾಗದಗಳಿಗೆ ಒಪ್ಪಿಗೆ ಬರೆಯುವಾಗ ಓ.ಕೆ. ಎಂದು ಬರೆಯದೆ, ಚೋಕ್ಟಾ ಮೂಲಕ್ಕೆ ನಿಷ್ಠನಾಗಿ, ಕೊನೆಯಲ್ಲಿ ಒಂದು ಹಕಾರವನ್ನು ಸೇರಿಸಿ ಓಕೆಹ್ ಎಂಬಂತೆ ಬರೆಯುತ್ತಿದ್ದ. ನೋಡಿದಿರಾ, ತಿದ್ದುವವನ ಕೈ! ಇಲ್ಲದ ಮೂಲಕ್ಕೆ ತಿದ್ದುಪಡಿ ಮಾಡಿ ಅವನೂ ನೆಮ್ಮದಿಯಾಗಿದ್ದ. 1918ರಲ್ಲಿ ಹುಟ್ಟಿದ ಓಕೆ ಎಂಬ ಗ್ರಾಮಫೋನ್ ಕಂಪೆನಿಯ ಹೆಸರಿನಲ್ಲಿಯೂ ಇದೇ ಕಾಗುಣಿತವಿತ್ತು. ಅದನ್ನು ಕಟ್ಟಿದ ಓಟೊ ಹೈನೆಮನ್ನನ ಹೆಸರಿನ ಮೊದಲಕ್ಷರಗಳೂ ಅದರೊಳಗೆ ಕೂತಿದ್ದವು. ಬೀದಿಯ ಮಾತು, ಅಧ್ಯಕ್ಷನ ಪಾಂಡಿತ್ಯ, ಸರಕಿನ ಹೆಸರು ಮೂರೂ ಒಂದೇ ಹಕಾರದಲ್ಲಿ ಸೇರಿದ ಸ್ವಾರಸ್ಯ ಇನ್ನೆಲ್ಲಿಯಾದರೂ ಉಂಟೆ?

ಈ ಗೊಂದಲವನ್ನು ಬಿಡಿಸಿದವರು ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು. ಅವರು ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಹಾಳೆ ಹಾಳೆಯಾಗಿ ಮಗುಚಿ, 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಸಾಲಾಗಿ ಲೇಖನಗಳನ್ನು ಬರೆದು, ಬಾಸ್ಟನ್ನಿನ ನಗೆಯೇ ಮೂಲವೆಂದು ತೋರಿಸಿದರು. ಅದರ ಬರಹದ ಜಗಳ ಮಾತ್ರ ತೀರಲಿಲ್ಲ. ಎರಡು ದೊಡ್ಡಕ್ಷರ ಸಾಕೆಂದು ಕೆಲವು ಪತ್ರಿಕೆಗಳು, ನಡುವೆ ಚುಕ್ಕೆ ಬೇಕೆಂದು ಕೆಲವು, ನಾಲ್ಕಕ್ಷರದಲ್ಲಿ ಬಿಡಿಸಿ ಬರೆಯಬೇಕೆಂದು ಕಾದಂಬರಿಕಾರರು. ನಮ್ಮಲ್ಲಿಯೂ ಓಕೆ, ಓಕೇ, ಓ.ಕೆ. ಎಂದು ಮೂರು ಪಂಗಡ. ಚುಕ್ಕೆ ಇಟ್ಟರೆ ಅದು ಯಾರೋ ರಾಯರ ಹೆಸರಿನ ಹಿಂದಿನ ಅಕ್ಷರಗಳಂತೆ ಕಾಣುತ್ತದೆಂದು ನಾನು ಯಾವಾಗಲೂ ಚುಕ್ಕೆ ಕಿತ್ತೆ. ಇದನ್ನು ಕನ್ನಡಿಸಬೇಕಾದಾಗ ‘ಸರಿ’ ಎಂದು ಬರೆದದ್ದೂ ಉಂಟು. ಒಪ್ಪಿದೆ ಎನ್ನುವುದಕ್ಕೂ ತಪ್ಪಿಲ್ಲ ಎನ್ನುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಮನೆಯಲ್ಲಿ “ಸರಿ ಬಿಡಿ” ಎಂದರೆ ಅದಕ್ಕೆ ಮೂರನೆಯ ಅರ್ಥವೂ ಇದೆಯೆಂಬುದನ್ನು ಸಂಸಾರಿಗಳು ಬಲ್ಲರು.

ಈಚೆಗೆ ನನ್ನ ಮೊಮ್ಮಗಳು ತನ್ನ ಕಾಲೇಜಿನ ನಾಟಕಕ್ಕೆ ಭಿತ್ತಿಪತ್ರ ಬರೆಯುತ್ತಿದ್ದಳು. “ತಾತ, ‘ಸಕತ್ ನಾಟಕ’ ಅಂತ ಬರೀಲೋ ‘ಸಖತ್ ನಾಟಕ’ ಅಂತ ಬರೀಲೋ? ನಮ್ಮಲ್ಲಿ ಜಗಳ ಆಗ್ತಿದೆ. ಒಬ್ಬ ‘ಸಕ್ಕತ್’ ಅಂತಾನೆ” ಎಂದಳು. ಇದು ಫಾರಸಿಯ ಮಾತು. ಅಲ್ಲಿ ಗಟ್ಟಿ, ಕಠಿಣ ಎಂದು ಅರ್ಥ. ಮರಾಠಿಯಲ್ಲಿ ಕಠಿಣ ಸಜೆಯನ್ನು ಸಕ್ತಮಜೂರಿ ಎನ್ನುವುದು ಈ ಮಾತಿನಿಂದಲೇ. ಉರ್ದುವಿನ ದಾರಿಯಾಗಿ ಕನ್ನಡಕ್ಕೆ ಬಂದು, ಜೈಲಿನ ಕಲ್ಲು ಒಡೆಯುವುದನ್ನು ಬಿಟ್ಟು, ಬೆಂಗಳೂರಿನ ಹುಡುಗರ ಬಾಯಲ್ಲಿ ಬಲು ಸೊಗಸು ಎಂಬರ್ಥಕ್ಕೆ ಏರಿದೆ. ಮೂಲದಲ್ಲಿ ಗಂಟಲಿನಿಂದ ಉಜ್ಜಿ ಬರುವ ಖಕಾರ. ಅದೂ ನಮ್ಮ ಮಹಾಪ್ರಾಣವಲ್ಲ. ಇಷ್ಟೂ ನನಗೆ ನಾಲಗೆಯ ತುದಿಯಲ್ಲಿತ್ತು. ಕೈ ಪೆನ್ಸಿಲಿಗೆ ಹೋಗಿಯೂ ಇತ್ತು.

“ನೀನು ಹೇಗೆ ಹೇಳ್ತೀಯಮ್ಮ?” ಎಂದು ಕೇಳಿದೆ.

“ಸಕ್ಕತ್ ಅಂತೀನಿ. ಆದರೆ ಅದು ತಪ್ಪಲ್ವಾ?”

ನಾನು ಉತ್ತರ ಕೊಡದೆ ಎದ್ದು ಒಳಗೆ ಹೋಗಿ ಹಳೆಯ ಕಾಗದಗಳ ಪೆಟ್ಟಿಗೆಯನ್ನು ತೆರೆದೆ. ಶೆಟ್ಟರು ಕುಕ್ಕಿದ ಕಟ್ಟಿನಿಂದ ಆ ದಿನ ಒಂದು ಚೀಟಿಯನ್ನು ತೆಗೆದಿಟ್ಟುಕೊಂಡಿದ್ದೆ. ಕೆಂಪು ಮಸಿ ಈಗ ಕಂದಾಗಿದೆ. ಫಕಾರದ ಕೆಳಗಿನ ಗೀರು ಮಾತ್ರ ಇನ್ನೂ ಸ್ಪಷ್ಟವಾಗಿದೆ. ದೊಡ್ಡಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಅವರ ಮಗಳು ತುಮಕೂರಿನಲ್ಲಿದ್ದಾರೆ. ತಂದೆ ನಾಲ್ಕು ತಿಂಗಳು ಕಡಮೆ ಸಂಬಳ ತಂದ ವರ್ಷ ಆಕೆಗೆ ಎಂಟೋ ಒಂಬತ್ತೋ ವಯಸ್ಸು. ಆಕೆಗೆ ಒಂದು ಕಾಗದ ಬರೆದೆ. ಬರೆದು ಮುಗಿಸಲು ಮೂರು ದಿನ ಹಿಡಿಯಿತು. ಯಾವ ಕರಡನ್ನೂ ನಾನು ಇಷ್ಟು ಸಲ ತಿದ್ದಿದವನಲ್ಲ.

ಕಾಗದದ ಜೊತೆಗೆ ಚೀಟಿಯನ್ನೂ ಇಡಬೇಕೆಂದು ತೋರಿತು. ಮೂಲವನ್ನೇ ಆಕೆಗೆ ಕಳುಹಿಸುವುದು ನ್ಯಾಯ. ನಕಲು ನನಗಿರಲಿ ಎಂದುಕೊಂಡು ಬೀದಿಯ ಮೂಲೆಯ ಅಂಗಡಿಗೆ ಹೋದೆ. ಹಲಗೆಯ ಮೇಲೆ ‘ಝರಾಕ್ಸ್’ ಎಂದು ಬರೆದಿತ್ತು. ಹುಡುಗ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಗಾಜಿನ ಮೇಲೆ ಮಗುಚಿ ಹಾಕಿ, ತಲೆ ಎತ್ತದೆ ಕೇಳಿದ:

“ಎಷ್ಟು ಕಾಪಿ ಸಾರ್?”